ಕಾಸಿದ್ದವರೆಲ್ಲ ಕಳ್ಳರಾ?

ಎದುರುಮನೆಗೆ ಹೊಸ ಕಾರು ಬಂತು. ನಮ್ಮ ಬಾಯಿಂದ ಮೊದಲು ಬರೋ ಮಾತು? ‘ಎಲ್ಲಿ ಹೊಡೆದನೋ!’

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಕೆರೆ ನುಂಗಿ ಲೇಔಟ್ ಮಾಡಿದವರನ್ನು, ಬ್ಯಾಂಕ್ ಸಾಲ ಮುಳುಗಿಸಿ ದೇಶ ಬಿಟ್ಟವರನ್ನು ಕಂಡಿದ್ದೀವಿ. ಆ ಸಿಟ್ಟು ಇರಲೇಬೇಕು. ಆದರೆ ಅದನ್ನು ದುಡ್ಡಿರೋ ಪ್ರತಿಯೊಬ್ಬರ ಮೇಲೂ ಹಾಕೋದು ಅನ್ಯಾಯ.

ಬೆಂಗಳೂರನ್ನೇ ನೋಡಿ. ಕೆ.ಆರ್. ಪುರದ ಹತ್ತಿರ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಇದೆ. ಅದು ಯಾವ ರಾಜನ ಹೆಸರೂ ಅಲ್ಲ, ವೀಳ್ಯದೆಲೆ ವ್ಯಾಪಾರಿಯದ್ದು. ಜನ ನೀರಿಗೆ ಪರದಾಡುವಾಗ ಅವರು ತಮ್ಮ ದುಡಿಮೆಯ ಹಣ ಸುರಿದು ಕಟ್ಟಿಸಿದ ಕೆರೆ ಅದು. ರೈಲ್ವೆ ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪ ಛತ್ರವೂ ಒಬ್ಬ ವ್ಯಾಪಾರಿಯ ದಾನವೇ. ಪರ ಊರಿಂದ ಬಂದವರಿಗೆ ತಂಗಲು ಜಾಗ, ಓದೋ ಹುಡುಗರಿಗೆ ಹಾಸ್ಟೆಲ್.

ಹಳೇ ಕಾಲದ ಮಾತು ಅಂತೀರಾ? ವಿಪ್ರೋ ಕಂಪನಿಯ ಅಜೀಂ ಪ್ರೇಮ್‌ಜಿ 2019ರ ಹೊತ್ತಿಗೆ ದಾನಕ್ಕೆ ಮೀಸಲಿಟ್ಟ ಮೊತ್ತ ಸುಮಾರು 1,45,000 ಕೋಟಿ ರೂಪಾಯಿ. ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ವಾರಕ್ಕೆ 2 ದಿನ ಸಿಗ್ತಿದ್ದ ಮೊಟ್ಟೆ 2024ರಲ್ಲಿ 6 ದಿನ ಆಯ್ತಲ್ಲ, ಆ ಹೆಚ್ಚಿನ 4 ದಿನದ ಖರ್ಚು ಅವರ ಫೌಂಡೇಶನ್‌ದು. ಹಸಿದು ಬರೋ ಮಗುವಿಗೆ ಇದು ಸಣ್ಣ ವಿಷಯ ಅಲ್ಲ.

ಹಣವೇ ಕೊಳಕು ಅಂತ ನಂಬಿದವರಿಗೆ ಇನ್ನೊಂದು ನಷ್ಟ ಇದೆ. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳ ಕೇಳೋಕೂ ನಾಲಿಗೆ ಏಳಲ್ಲ. ಟೈಲರಮ್ಮ ಹೊಲಿಗೆ ಕೂಲಿ ಬಿಡ್ತಾರೆ, ಟ್ಯೂಷನ್ ಮೇಷ್ಟ್ರು ಫೀಸು ಬಿಡ್ತಾರೆ.

ಯಾರದ್ದೇ ಸಿರಿ ಕಂಡರೂ, ಅದು ಹೇಗೆ ಬಂತು, ಎಲ್ಲಿಗೆ ಹೋಗ್ತಿದೆ ಅಂತ ವಿಚಾರಿಸಿ, ಆಮೇಲೆ ತೀರ್ಪು ಕೊಡಿ. ನಿಮ್ಮ ದುಡಿಮೆಯ ಬೆಲೆಯನ್ನು ಮಾತ್ರ ಸಂಕೋಚ ಇಲ್ಲದೆ ಕೇಳಿ.