ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಗ್ರಾಮ ಪಂಚಾಯತಿಯ ಪಾತ್ರ: ಕ್ಯಾಸಂಬಳ್ಳಿ ಹೋಬಳಿಯ ಸರ್ಕಾರಿ ಪ್ರೌಢಶಾಲೆಗಳನ್ನು ಕುರಿತು

ಕೆ.ಜಿ.ಎಫ್. ತಾಲ್ಲೂಕಿನ ಕ್ಯಾಸಂಬಳ್ಳಿ ಹೋಬಳಿಯು ಆಂಧ್ರಪ್ರದೇಶದ ಗಡಿಗೆ ಸಮೀಪದಲ್ಲಿದೆ. ಇಲ್ಲಿನ ಅನೇಕ ಮಕ್ಕಳ ಮನೆಮಾತು ತೆಲುಗು; ಶಾಲೆಯ ಪಾಠ ಕನ್ನಡದಲ್ಲಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ತರುವಾಯ ಈ ಭಾಗದ ಅನೇಕರು ನಸುಕಿನಲ್ಲಿಯೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ತೆರಳಿ, ರಾತ್ರಿ ಮರಳುತ್ತಾರೆ. ಮಗು ಶಾಲೆಗೆ ಹೊರಟಿತೇ, ಸಂಜೆ ಓದಲು ಕುಳಿತಿತೇ ಎಂದು ನೋಡುವ ಹಿರಿಯರು ಅಂತಹ ಮನೆಗಳಲ್ಲಿ ಇರುವುದಿಲ್ಲ. ಆದುದರಿಂದ ಪ್ರೌಢಶಾಲೆಯ ಕಲಿಕೆಯನ್ನು ಶಿಕ್ಷಕರ ಹೊಣೆಯೆಂದಷ್ಟೇ ಭಾವಿಸಲಾಗದು.

ಅಂಕಗಳ ವಿಂಗಡಣೆಯನ್ನು ಸದಸ್ಯರು ಅರಿತಿರುವುದು ಉಪಯುಕ್ತ. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇವುಗಳ ಪೈಕಿ ಐದನೇ ಒಂದು ಭಾಗವು ಆಂತರಿಕ ಮೌಲ್ಯಮಾಪನದ ಅಂಕ. ಅಂದರೆ ವರ್ಷವಿಡೀ ನಡೆಯುವ ಕಿರುಪರೀಕ್ಷೆ ಹಾಗೂ ಚಟುವಟಿಕೆಗಳಿಂದ ದೊರೆಯುವಂಥದು. ಕೂಲಿಗಾಗಿಯೋ, ತಮ್ಮ-ತಂಗಿಯರನ್ನು ನೋಡಿಕೊಳ್ಳಲೆಂದೋ ಪದೇ ಪದೇ ಗೈರುಹಾಜರಾಗುವ ಮಗು ಪರೀಕ್ಷಾ ಕೊಠಡಿಯನ್ನು ಪ್ರವೇಶಿಸುವ ಮೊದಲೇ ಹಿಂದೆ ಬಿದ್ದಿರುತ್ತದೆ.

ರಾಜ್ಯದ ಫಲಿತಾಂಶವು 2023ರಲ್ಲಿ ಶೇ. 83.89 ಇದ್ದುದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಅಳವಡಿಸಿದ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಕಲಿಕೆಯ ಕೊರತೆಯನ್ನು ಪರೀಕ್ಷೆಯ ದಿನದಂದು ಮುಚ್ಚಿಡಲು ಇನ್ನು ಸಾಧ್ಯವಿಲ್ಲ. ಅದನ್ನು ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿಯೇ ತುಂಬಬೇಕು.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು:

1. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 61ನೇ ಪ್ರಕರಣದನ್ವಯ ಶಿಕ್ಷಣವು ಸೌಕರ್ಯ ಸಮಿತಿಯ ವ್ಯಾಪ್ತಿಗೆ ಸೇರಿದೆ. ಪ್ರತಿ ಸಭೆಯಲ್ಲಿ ಮುಖ್ಯ ಶಿಕ್ಷಕರಿಂದ ಹಾಜರಾತಿಯ ವಿವರ ಪಡೆದು, ದೀರ್ಘಕಾಲ ಗೈರಾದ ಮಕ್ಕಳ ಮನೆಗೆ ಆಯಾ ವಾರ್ಡಿನ ಸದಸ್ಯರು ಭೇಟಿ ನೀಡುವುದು.

2. ಗ್ರಾಮ ಪಂಚಾಯತಿ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಸಂಜೆ ಬೆಳಕು, ಆಸನ ಹಾಗೂ ಪಠ್ಯಪುಸ್ತಕಗಳನ್ನು ಒದಗಿಸುವುದು. ಗಣಿತ ಮತ್ತು ವಿಜ್ಞಾನದ ಕನ್ನಡ ಪಾರಿಭಾಷಿಕ ಪದಗಳನ್ನು ಮನೆಮಾತಿನಲ್ಲಿ ವಿವರಿಸಬಲ್ಲ ಸ್ಥಳೀಯ ಪದವೀಧರರ ನೆರವು ಪಡೆಯುವುದು.

3. ಮಕ್ಕಳ ಗ್ರಾಮ ಸಭೆಯಲ್ಲಿ ಶೌಚಾಲಯ, ಕುಡಿಯುವ ನೀರು, ದಾರಿದೀಪಗಳ ಬಗ್ಗೆ ವಿದ್ಯಾರ್ಥಿನಿಯರು ಹೇಳುವುದನ್ನು ನಡಾವಳಿಯಲ್ಲಿ ದಾಖಲಿಸಿ, ಕೈಗೊಂಡ ಕ್ರಮವನ್ನು ಮುಂದಿನ ಸಭೆಗೆ ತಿಳಿಸುವುದು.

4. ಫಲಿತಾಂಶ ಪ್ರಕಟವಾದ ಕೂಡಲೇ ಅನುತ್ತೀರ್ಣರ ಪಟ್ಟಿ ಪಡೆಯುವುದು. ಅದೇ ವರ್ಷ ಮರುಪರೀಕ್ಷೆ ಬರೆಯಲು ಅವಕಾಶವಿದೆ. ಅನುತ್ತೀರ್ಣವಾದ ವಿಷಯಗಳನ್ನು ಮಾತ್ರ ಬರೆದರೆ ಸಾಕು. ಆದರೆ ನೋಂದಣಿಗೆ ದೊರೆಯುವ ಕಾಲಾವಧಿ ಕೆಲವೇ ದಿನಗಳು.

ಈ ನಾಲ್ಕರಲ್ಲಿ ಕೊನೆಯದಕ್ಕೆ ಅನುದಾನವೇ ಬೇಕಿಲ್ಲ. ಆ ಕೆಲವು ದಿನಗಳಲ್ಲಿ ಯಾರೂ ಮನೆ ಬಾಗಿಲಿಗೆ ಹೋಗದಿದ್ದರೆ ಹುಡುಗನು ಕೂಲಿಗೆ ಸೇರುತ್ತಾನೆ, ಹುಡುಗಿಯ ಮದುವೆಯ ಮಾತು ಆರಂಭವಾಗುತ್ತದೆ. ಒಂದು ವಿಷಯದಲ್ಲಿ ಅನುತ್ತೀರ್ಣಗೊಂಡ ಮಗುವಿನ ಓದು ಅಲ್ಲಿಗೇ ನಿಲ್ಲದಂತೆ ನೋಡಿಕೊಳ್ಳುವುದು ಆ ವಾರ್ಡಿನ ಸದಸ್ಯರಿಂದ ಸಾಧ್ಯವಾಗುವ ಕಾರ್ಯ.