ನಾಲ್ಕು ಕಮಾನು, ನಾಲ್ಕು ಮತ

ಒಂದು ಸ್ವರಕ್ಕೆ ಕಮಾನನ್ನು ಕೆಳಗೆ ಎಳೆಯಬೇಕೋ, ಮೇಲಕ್ಕೆ ತಳ್ಳಬೇಕೋ? ಎಳೆದರೆ ಸ್ವರಕ್ಕೆ ತೂಕ ಬರುತ್ತದೆ, ತಳ್ಳಿದರೆ ಅದು ಹಗುರಾಗಿ ಮುಂದಿನದಕ್ಕೆ ಜಾರುತ್ತದೆ. ಒಬ್ಬರೇ ನುಡಿಸುವುದಾದರೆ ಮನಸ್ಸಿಗೆ ತೋಚಿದಂತೆ ಮಾಡಬಹುದು. ನಾಲ್ವರು ಒಂದೇ ಉಸಿರಿನಲ್ಲಿ ನುಡಿಸಬೇಕಾದಾಗ ಇಷ್ಟೇ ಸಾಕು, ಅರ್ಧ ದಿನದ ತಾಲೀಮು ವಾದದಲ್ಲೇ ಕಳೆದುಹೋಗುತ್ತದೆ. ಎರಡು ಪಿಟೀಲು, ಒಂದು ವಯೊಲಾ, ಒಂದು ಚೆಲ್ಲೊ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ ಕೋಲು ಹಿಡಿದು ನಡೆಸುವ ನಿರ್ದೇಶಕ ಇರುವುದಿಲ್ಲ. ಹಾಗಾದರೆ ಕೊನೆಯ ಮಾತು ಯಾರದು?

ಬುಡಾಪೆಸ್ಟ್ ಸ್ಟ್ರಿಂಗ್ ಕ್ವಾರ್ಟೆಟ್ ಇದನ್ನು ಆರಂಭದಲ್ಲೇ ಗೊತ್ತು ಮಾಡಿಕೊಂಡಿತ್ತು. ಅದು 1917, ಮೊದಲ ಮಹಾಯುದ್ಧದ ಕಾಲ. ಒಪೆರಾ ವಾದ್ಯವೃಂದಗಳಲ್ಲಿ ಕೆಲಸ ನಿಂತಿದ್ದಾಗ ಎಮಿಲ್ ಹೌಸರ್, ಆಲ್ಫ್ರೆಡ್ ಇಂಡಿಗ್, ಇಸ್ತ್ವಾನ್ ಇಪೊಯಿ, ಹ್ಯಾರಿ ಸೋನ್ ಜತೆಗೂಡಿ ತಂಡ ಕಟ್ಟಿದರು. ತಮಗೆ ತಾವೇ ಕೆಲವು ಕಟ್ಟುಪಾಡು ಹಾಕಿಕೊಂಡರು. ಸಂಗೀತದ ವಿಷಯವಿರಲಿ, ವ್ಯವಹಾರವಿರಲಿ, ಭಿನ್ನಾಭಿಪ್ರಾಯ ಬಂದರೆ ಮತಕ್ಕೆ ಹಾಕಬೇಕು. ಮತ ಸಮವಾದರೆ ಇದ್ದದ್ದು ಇದ್ದ ಹಾಗೇ ಇರಬೇಕು. ತಂಡದ ಹೊರಗೆ ಬೇರೆ ಕಾರ್ಯಕ್ರಮ ಒಪ್ಪಿಕೊಳ್ಳುವಂತಿಲ್ಲ. ಸಂಭಾವನೆ ನಾಲ್ವರಿಗೂ ಸಮಪಾಲು. ತಾಲೀಮಿಗೂ ಚರ್ಚೆಗೂ ಹೆಂಡತಿ, ಪ್ರೇಯಸಿಯರನ್ನು ಕರೆತರುವಂತಿಲ್ಲ.

ಕೊನೆಯದರಲ್ಲಿ ಆ ಕಾಲದ ಗಂಡಸರ ಧೋರಣೆ ಎದ್ದು ಕಾಣುತ್ತದೆ. ಇಂದು ಯಾರೂ ಹಾಗೆ ಬರೆಯಬಾರದು. ನುಡಿಸುವವರ ತೀರ್ಮಾನ ನುಡಿಸುವವರ ನಡುವೆಯೇ ಆಗಬೇಕು ಎಂಬಷ್ಟನ್ನು ಮಾತ್ರ ಅದರಿಂದ ಇಟ್ಟುಕೊಳ್ಳಬಹುದು. ನನಗೆ ಬಹಳ ದೊಡ್ಡದಾಗಿ ಕಾಣುವುದು ಸಮಪಾಲಿನ ನಿಯಮ. ಕ್ವಾರ್ಟೆಟ್‌ನಲ್ಲಿ ರಾಗದ ಎಳೆ ಹೆಚ್ಚಾಗಿ ಮೊದಲ ಪಿಟೀಲಿನ ಕೈಯಲ್ಲೇ ಇರುತ್ತದೆ. ಯೊವಾಕಿಂ ಕ್ವಾರ್ಟೆಟ್, ರೋಸೆ ಕ್ವಾರ್ಟೆಟ್ ಎಂದು ತಂಡಕ್ಕೆ ಅವರದೇ ಹೆಸರಿಡುವ ರೂಢಿಯೂ ಇತ್ತು. ಇವರು ಊರಿನ ಹೆಸರಿಟ್ಟುಕೊಂಡರು, ಮೊದಲ ಪಿಟೀಲಿನವರಿಗೆ ಚಿಕ್ಕಾಸೂ ಹೆಚ್ಚು ಕೊಡಲಿಲ್ಲ. ವಯೊಲಾ ನುಡಿಸುವವರು ಬಾಯಿಬಿಟ್ಟು ಆಕ್ಷೇಪ ಹೇಳಬೇಕಾದರೆ ಅವರ ಪಾಲೂ ಅಷ್ಟೇ ಇರಬೇಕಲ್ಲವೇ?

ಸಮಮತದ ನಿಯಮವೂ ಜಾಣತನದ್ದು. ನಾಲ್ವರಲ್ಲಿ ಬದಲಾವಣೆ ಬಯಸುವವರಿಗೆ ಮೂರು ಮತ ಬೇಕು, ಅಂದರೆ ಇನ್ನಿಬ್ಬರನ್ನು ಒಪ್ಪಿಸಬೇಕು. ಒಪ್ಪಿಸುವುದೆಂದರೆ ಮತ್ತೆ ಮತ್ತೆ ನುಡಿಸಿ ತೋರಿಸುವುದು.

ಜನ ಬದಲಾದರು. 1927ರಲ್ಲಿ ಒಡೆಸ್ಸಾದ ಜೋಸೆಫ್ ರಾಯ್ಸ್‌ಮನ್ ಬಂದರು, 1930ರಲ್ಲಿ ಚೆಲ್ಲೊ ಹಿಡಿದು ಮಿಶಾ ಶ್ನೈಡರ್. 1932ರಲ್ಲಿ ಹೌಸರ್ ಬಿಟ್ಟರು, ಮಿಶಾ ಅವರ ತಮ್ಮ ಅಲೆಕ್ಸಾಂಡರ್ ಸೇರಿಕೊಂಡರು. 1936ರಲ್ಲಿ ಇಪೊಯಿ ಹೋಗಿ ಬೋರಿಸ್ ಕ್ರೊಯ್ಟ್ ಬಂದಾಗ ತಂಡದಲ್ಲಿ ಸ್ಥಾಪಕರೂ ಇಲ್ಲ, ಹಂಗೇರಿಯವರೂ ಇಲ್ಲ. ನಾಲ್ವರು ರಷ್ಯನ್ನರು ಸೇರಿದರೆ ಬುಡಾಪೆಸ್ಟ್ ಕ್ವಾರ್ಟೆಟ್ ಎಂಬ ಮಾತೇ ಸಂಗೀತದವರ ನಡುವೆ ಹುಟ್ಟಿಕೊಂಡಿತು. ಕಟ್ಟಿದವರು ಒಬ್ಬರೂ ಉಳಿಯದೆಯೂ ತಂಡ ಉಳಿಯಿತು, ಬೆಳೆಯಿತು. ಒಬ್ಬ ದೊಡ್ಡ ಕಲಾವಿದನ ನೆರಳಿನಲ್ಲಿ ನಿಂತಿದ್ದರೆ ಅವನೊಂದಿಗೇ ಮುಗಿಯುತ್ತಿತ್ತು.

ಮುಂದೆ ಅಮೆರಿಕವೇ ಅವರ ನೆಲೆಯಾಯಿತು. ಗರ್ಟ್ರೂಡ್ ಕ್ಲಾರ್ಕ್ ವಿಟಲ್ ಎಂಬ ದಾನಿ 1930ರ ದಶಕದಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ 5 ಸ್ಟ್ರಾಡಿವರಿ ವಾದ್ಯಗಳನ್ನು ಕೊಟ್ಟಿದ್ದರು. 1962ರವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಅಲ್ಲಿನ ಕಛೇರಿಗಳಲ್ಲಿ ಅವನ್ನು ನುಡಿಸಿದವರು ಇವರು. ಬೀಥೊವನ್‌ನ 16 ಕ್ವಾರ್ಟೆಟ್‌ಗಳನ್ನೂ ಕೊಲಂಬಿಯಾ ಕಂಪನಿಗೆ ಧ್ವನಿಮುದ್ರಿಸಿಕೊಟ್ಟರು. ತಂಡ ವಾದ್ಯ ಕೆಳಗಿಟ್ಟದ್ದು 1967ರಲ್ಲಿ, 50 ವರ್ಷಗಳ ನಂತರ.

ನಮ್ಮ ಕರ್ನಾಟಕ ಸಂಗೀತದ ಕಛೇರಿ ಬೇರೆ ಬಗೆಯದು. ಮುಖ್ಯ ಕಲಾವಿದರ ಮನೋಧರ್ಮವನ್ನು ಪಕ್ಕವಾದ್ಯದವರು ಆ ಕ್ಷಣದಲ್ಲೇ ಹಿಡಿದು ಅನುಸರಿಸಬೇಕು. ಅಲ್ಲಿ ಮತಕ್ಕೆ ಜಾಗವಿಲ್ಲ. ಆದರೆ ವೀಣೆ, ವೇಣು, ಪಿಟೀಲು, ಮೃದಂಗ ಜತೆಗೂಡಿಸಿ ಸಮಾನರಾಗಿ ನುಡಿಸಹೊರಡುವ ಎಳೆಯರಿಗೆ ಈ ತಂಡದ ಕಥೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನೀವು ಅಂಥದೊಂದು ತಂಡ ಕಟ್ಟುತ್ತಿದ್ದರೆ ಮೊದಲ ಸಂಭಾವನೆ ಕೈಸೇರುವ ಮುನ್ನವೇ ಒಂದು ಸಂಜೆ ಎಲ್ಲರೂ ಕೂತು ಹಾಳೆಯ ಮೇಲೆ ಬರೆಯಿರಿ: ಯಾರಿಗೆ ಎಷ್ಟು, ಒಮ್ಮತ ಬಾರದಿದ್ದರೆ ಏನು, ಯಾರಾದರೂ ಬಿಟ್ಟು ಹೋದರೆ ಹೆಸರು ಯಾರದು. ಬರೆದು ಎಲ್ಲರೂ ಸಹಿ ಹಾಕಿ. ಆಮೇಲೆ ಶ್ರುತಿ ಮಾಡಿಕೊಳ್ಳಿ.