ಬಡಗಿಗಳ ಕೈಯ ‘ಟರ್ರ್’ ಮಿಷನ್

ಪ್ರಶ್ನೆ: ಮನೆಯಲ್ಲಿ ಡ್ರಿಲ್ ಇದೆ. ಸ್ಕ್ರೂ ಹಾಕಲು ಬ್ಯಾಟರಿ ಇಂಪ್ಯಾಕ್ಟ್ ಡ್ರೈವರ್ ಬೇರೆ ಬೇಕೆ? ಯಾವುದು ಕೊಳ್ಳಲಿ?

ಉತ್ತರ: ಉದ್ದದ ಸ್ಕ್ರೂಗಳ ಕೆಲಸವಿದ್ದರೆ ಖಂಡಿತ ಬೇಕು. ಸ್ಕ್ರೂ ಬಿಗಿಯಾದಾಗ ಡ್ರಿಲ್ ನಿಮ್ಮ ಮಣಿಕಟ್ಟನ್ನೇ ತಿರುಚುತ್ತದೆ. ಬಿಟ್ ಜಾರಿ ಸ್ಕ್ರೂವಿನ ತಲೆ ಸವೆಯುತ್ತದೆ. ಇಂಪ್ಯಾಕ್ಟ್ ಡ್ರೈವರಿನೊಳಗೆ ಸ್ಪ್ರಿಂಗಿಗೆ ಆತುಕೊಂಡ ಪುಟ್ಟ ಸುತ್ತಿಗೆಯಿದೆ. ತಡೆ ಹೆಚ್ಚಿದೊಡನೆ ಅದು ತಿರುಗುವ ದಿಕ್ಕಿಗೇ ನಿಮಿಷಕ್ಕೆ ಸಾವಿರಾರು ಏಟು ಕೊಡುತ್ತದೆ. ‘ಟರ್ರ್’ ಸದ್ದು ಅದರದೇ.

ಮನೆಯ ಸಣ್ಣಪುಟ್ಟ ಕೆಲಸಕ್ಕೆ 12 ವೋಲ್ಟ್ ಸಾಕು. ದಿನವಿಡೀ ದುಡಿಯುವವರಿಗೆ 18 ವೋಲ್ಟ್. ‘20 ವೋಲ್ಟ್ ಮ್ಯಾಕ್ಸ್’ ಎಂದು ಬರೆದಿದ್ದರೂ ಅದು 18ರದ್ದೇ. ಬ್ರಷ್‌ಲೆಸ್ ಮೋಟಾರ್ ಇರುವುದನ್ನೇ ಆರಿಸಿ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಇಂಪ್ಯಾಕ್ಟ್ ಬಿಟ್‌ಗಳನ್ನೇ ಹಾಕಿ. ಸಾಮಾನ್ಯ ಬಿಟ್ ಬೇಗ ಮುರಿಯುತ್ತದೆ. ಸದ್ದು ಜೋರು, ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ.